ಬಿಚ್ಚಬಾರದಿದ್ದ ರಫು

ರಫು ಕೆಲಸ ಮಾಡುವವರ ಹಣೆಬರಹವೇ ವಿಚಿತ್ರ. ಕೆಲಸ ಚೆನ್ನಾಗಿ ಆಗಿದೆ ಅನ್ನುವುದಕ್ಕೆ ಇರುವುದು ಒಂದೇ ಗುರುತು: ಅದು ಯಾರ ಕಣ್ಣಿಗೂ ಬೀಳಬಾರದು. ಅಡುಗೆಯವರ ಊಟವನ್ನು ಜನ ಬೆರಳು ಚೀಪಿಕೊಂಡು ಹೊಗಳುತ್ತಾರೆ. ಬಡಗಿ ಮಾಡಿದ ಕುರ್ಚಿಯಲ್ಲಿ ಬೆನ್ನು ಆನಿಸಿ ಕೂತು ಭೇಷ್ ಅನ್ನುತ್ತಾರೆ. ರಫು ಮಾಡಿದವಳ ಮುಂದೆ ಮಾತ್ರ ಕೋಟನ್ನು ತಿರುಗಿಸಿ ಮುರುಗಿಸಿ ನೋಡಿ, “ಹರಿದಿದ್ದು ಎಲ್ಲಿ?” ಎಂದು ಕೇಳುತ್ತಾರೆ. ಅವಳು ಬೆರಳಿಟ್ಟು ತೋರಿಸಿದರೂ ಕಾಣುವುದಿಲ್ಲ. ಹರಿದೇ ಇರಲಿಲ್ಲವೇನೋ ಎಂದು ಅನುಮಾನಪಟ್ಟು ಹೋದವರೂ ಇದ್ದಾರೆ.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಡ್ರೈಕ್ಲೀನಿಂಗ್ ಅಂಗಡಿ. ಒಳಗೆ ಯಾವಾಗಲೂ ಬಿಸಿ ಆವಿ, ಒದ್ದೆ ಉಣ್ಣೆಯ ವಾಸನೆ. ಉದ್ದನೆಯ ಸರಳಿನ ಮೇಲೆ ಪ್ಲಾಸ್ಟಿಕ್ ಹೊದ್ದ ಕೋಟುಗಳು ಸಾಲಾಗಿ ತೂಗುತ್ತಿದ್ದವು. ಮುಂಬದಿಯ ಗಾಜಿನ ಪಕ್ಕ, ಬೆಳಕು ಚೆನ್ನಾಗಿ ಬೀಳುವ ಮೂಲೆಯಲ್ಲಿ ಅವಳ ಮೇಜು. ಅವಳನ್ನು ಎಲ್ಲರೂ ರಫು ಅಕ್ಕ ಎಂದೇ ಕರೆಯುತ್ತಿದ್ದರು. ಅವಳ ಅಪ್ಪನ ವಯಸ್ಸಿನ ಅಂಗಡಿ ಯಜಮಾನರೂ ಅಕ್ಕಾ ಅನ್ನುತ್ತಿದ್ದರು, ಹಲ್ಲಿಲ್ಲದ ಗಿರಾಕಿಗಳೂ ಅಕ್ಕಾ ಅನ್ನುತ್ತಿದ್ದರು. ಊರಿಗೆಲ್ಲ ಅಕ್ಕನಾದರೂ ಕಷ್ಟ ಹೇಳಿಕೊಳ್ಳಲು ಅವಳಿಗೆ ಯಾರೂ ಇರಲಿಲ್ಲ.

ಅವಳ ಕೆಲಸ ಹೀಗೆ: ಹರಿದ ಬಟ್ಟೆಯ ಒಳಮಡಿಕೆಯಿಂದಲೇ ಎಳೆ ಎಳೆಯಾಗಿ ನೂಲು ತೆಗೆಯಬೇಕು. ಭೂತಗನ್ನಡಿ ಹಿಡಿದು, ಬಟ್ಟೆ ಹೇಗೆ ನೇಯ್ದಿದೆಯೋ ಹಾಗೆಯೇ ಮೇಲೊಂದು ಕೆಳಗೊಂದು ಸೂಜಿ ಹಾಯಿಸುತ್ತಾ ತೂತನ್ನು ಮತ್ತೆ ಬಟ್ಟೆಯಾಗಿಸಬೇಕು. ಇದನ್ನು ಕಲಿಸಿದ್ದು ಅವಳ ಅಮ್ಮ. ಮಗಳಿಗೆ ಕೈಗುಣ ಬಂತು, ಅದರ ಜೊತೆಗೆ ಇನ್ನೊಂದು ಗುಣವೂ ಬಂತು. ಎಲ್ಲಿ ಏನು ಹರಿದರೂ ನಾಲ್ಕು ಜನ ನೋಡುವ ಮೊದಲೇ ಸರಿಮಾಡಿಬಿಡಬೇಕು ಅನ್ನುವ ಧಾವಂತ. ಬಟ್ಟೆಯ ವಿಷಯದಲ್ಲಿ ಅದು ಹೊಟ್ಟೆ ಹೊರೆಯುವ ವಿದ್ಯೆ. ಸಂಸಾರದ ವಿಷಯದಲ್ಲಿ ಅದೇ ಅವಳನ್ನು ಹಾಳುಮಾಡಿತು.

ಗಂಡ ಹಲ್ಲಿನ ಡಾಕ್ಟರು, ಗಡಿಯಾಚೆಯ ದೇಶದವನು. ಮದುವೆಯಾಗಿ ಅಲ್ಲಿಗೆ ಹೋದಳು, ಅಲ್ಲೇ ಮಗಳು ಹುಟ್ಟಿದಳು. ಅವನದು ಎಂಥ ನಯ ಅಂದರೆ, ಹಲ್ಲು ಕೀಳಿಸಿಕೊಂಡವರು ಬಾಯಿಗೆ ಹತ್ತಿ ಇಟ್ಟುಕೊಂಡೇ ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದರು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು. ಮನೆಗೆ ಬಂದರೆ ಕೈ ಮಾತಾಡುತ್ತಿತ್ತು. ಮೊದಲ ಸಲ ಅವಳು ಪಕ್ಕದ ಮನೆಯವರಿಗೆ, ಬಾತ್‌ರೂಮಿನಲ್ಲಿ ಜಾರಿ ಬಿದ್ದೆ ಅಂದಳು. ಎರಡನೆಯ ಸಲವೂ ಜಾರಿದಳು. ಆಮೇಲೆ ಆ ಮನೆಯಲ್ಲಿ ನೆಲ ಒಂದೇ ಸಮ ಜಾರುತ್ತಲೇ ಇತ್ತು. ನರ್ಸಿಗೆ, ಮಗಳ ಟೀಚರಿಗೆ, ಫೋನಿನಲ್ಲಿ ಅಣ್ಣನಿಗೆ, ಕೊನೆಗೆ ಮಗಳಿಗೂ ಅದೇ ಉತ್ತರ. ಉತ್ತರ ಯಾವಾಗಲೂ ತುದಿನಾಲಿಗೆಯ ಮೇಲೇ ಇರುತ್ತಿತ್ತು.

ಒಂದು ಬೆಳಗ್ಗೆ, ಅವನು ಕ್ಲಿನಿಕ್ಕಿಗೆ ಹೋದ ಮೇಲೆ, ಮಗಳ ಶಾಲೆಯ ಚೀಲಕ್ಕೆ ಎರಡು ಜೊತೆ ಬಟ್ಟೆ ತುಂಬಿ ಕಾಲಿಗೆ ಬುದ್ಧಿ ಹೇಳಿದಳು. ಬಸ್ಸು ಗಡಿ ದಾಟುವವರೆಗೂ ಜೀವ ಕೈಯಲ್ಲಿ ಹಿಡಿದುಕೊಂಡಿದ್ದಳು. ತನ್ನ ಊರಿಗೆ ಬಂದು ಅಣ್ಣನ ಮನೆಯ ಬಾಗಿಲು ತಟ್ಟಿದಳು. ಅತ್ತಿಗೆ ಒಳಗೆ ಕರೆದಳು, ಊಟ ಹಾಕಿದಳು. ಊಟವಾದ ಮೇಲೆ, “ಎಷ್ಟು ದಿನ ಇರ್ತೀರಿ?” ಎಂದು ನಗುನಗುತ್ತಲೇ ಕೇಳಿದಳು. ಆ ನಗುವಿನ ಅರ್ಥ ತಿಳಿಯದಷ್ಟು ದಡ್ಡಿ ಅವಳಲ್ಲ. ಡ್ರೈಕ್ಲೀನಿಂಗ್ ಅಂಗಡಿಯ ಹಿಂದೆ ಯಜಮಾನರ ಹಳೆಯ ಸಾಮಾನಿನ ಕೋಣೆ ಖಾಲಿ ಇತ್ತು. ಅಂಗಡಿಯಲ್ಲಿ ರಫು ಕೆಲಸ ಹಿಡಿದು ಮಗಳೊಂದಿಗೆ ಅಲ್ಲಿಗೆ ಬಂದಳು.

ಮಗಳಿಗೆ ಈಗ ಎಂಟು ವರ್ಷ. ಎಂಟು ವರ್ಷದ ಮಗು ಅಂದರೆ ಮನೆಯಲ್ಲಿ ಒಂದಾದರೂ ಲೋಟ ಒಡೆದಿರಬೇಕು, ಗೋಡೆಗೆ ಗೀಚಿರಬೇಕು. ಈ ಮಗು ಶಾಲೆಯಿಂದ ಬಂದರೆ ಚಪ್ಪಲಿ ಜೋಡಿಸಿಡುತ್ತಿತ್ತು, ಯೂನಿಫಾರಂ ಮಡಚುತ್ತಿತ್ತು, ಬಾಗಿಲನ್ನು ಸದ್ದಾಗದ ಹಾಗೆ ಹಾಕುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ಮಾತಿಗೆ ಜನವಿಲ್ಲದೆ ಇಸ್ತ್ರಿಪೆಟ್ಟಿಗೆಯ ಜೊತೆಗೂ ಮಾತಾಡುತ್ತಿದ್ದ ಯಜಮಾನರಿಗೆ ಅದು ಭಾರಿ ತಮಾಷೆ.

“ಏನ್ ಅಜ್ಜಮ್ಮಾ, ಸೊಂಟ ನೋವು ಹೇಗಿದೆ?” ಎಂದು ಅವಳನ್ನು ರೇಗಿಸುವರು. “ಒಂದ್ಸಲ ಗಲಾಟೆ ಮಾಡೇ ತಾಯಿ. ಈ ಅಂಗಡಿಗೂ ಜೀವ ಇದೆ ಅಂತ ಗೊತ್ತಾಗ್ಲಿ.”

ಮಗಳು ತುಟಿಯಲ್ಲೇ ನಕ್ಕು, ಬಟ್ಟೆಗಳಿಂದ ಉದುರಿದ ಗುಂಡಿಗಳನ್ನು ಬಣ್ಣ ಬಣ್ಣವಾಗಿ ವಿಂಗಡಿಸುತ್ತಾ ಕೂರುವಳು. ರಫು ಅಕ್ಕನಿಗೆ ಒಳಗೊಳಗೇ ಹೆಮ್ಮೆ. ಅಷ್ಟೆಲ್ಲ ಆದರೂ ಮಗಳಿಗೆ ಏನೂ ತಟ್ಟದ ಹಾಗೆ ಬೆಳೆಸಿದೆನಲ್ಲ ಎಂದುಕೊಳ್ಳುವಳು.

ಆ ನೆಮ್ಮದಿ ಬಾಳಿದ್ದು ಗಂಡ ಕೇಸು ಹಾಕುವವರೆಗೆ. ಮಗುವನ್ನು ತನ್ನ ಒಪ್ಪಿಗೆಯಿಲ್ಲದೆ ಗಡಿ ದಾಟಿಸಿದ್ದಾಳೆ, ವಾಪಸ್ ಕಳಿಸಿ, ಎಂದು ಅವನು ತನ್ನ ದೇಶದ ಮೂಲಕ ಇಲ್ಲಿನ ಕೋರ್ಟಿಗೆ ಹೋಗಿದ್ದ. ನೋಟಿಸಿನಲ್ಲಿ ಅಪಹರಣ ಅನ್ನುವ ಪದವಿತ್ತು. ಒಂಬತ್ತು ತಿಂಗಳು ಹೊತ್ತು, ಹೆತ್ತು, ಎದೆಗವಚಿಕೊಂಡು ಓಡಿಬಂದ ಮಗುವನ್ನು ತಾನು ಅಪಹರಿಸಿದ್ದೇನೆ ಎಂದು ಓದಿ, ಅದೇ ಸಾಲನ್ನು ಮತ್ತೆ ಮೊದಲಿನಿಂದ ಓದಿದಳು.

ವಕೀಲೆ ಸಿಕ್ಕಿದ್ದು ಪುಣ್ಯ. ಸದಾ ಗಡಿಬಿಡಿಯ, ಅರ್ಧ ಕುಡಿದ ಟೀ ಲೋಟಗಳನ್ನು ಕೋಣೆಯ ತುಂಬ ಮರೆಯುವ, ಕಟುವಾಗಿ ಮಾತಾಡಿದರೂ ಕೈಬಿಡದ ಹೆಂಗಸು. ಮೊದಲ ದಿನವೇ ಬಿಡಿಸಿ ಹೇಳಿದಳು.

“ನೋಡಿ, ದೇಶ ದೇಶಗಳ ನಡುವೆ ಒಂದು ಒಪ್ಪಂದ ಇದೆ. ಮಗುನ ಒಬ್ರು ಹೇಳದೆ ಕೇಳದೆ ಕರ್ಕೊಂಡು ಬಂದ್ರೆ, ಮೊದಲು ಬಂದಲ್ಲಿಗೇ ವಾಪಸ್ ಕಳಿಸಬೇಕು. ಯಾರ ಹತ್ರ ಇರಬೇಕು ಅನ್ನೋದನ್ನ ಆಮೇಲೆ ಅಲ್ಲಿನ ಕೋರ್ಟು ನೋಡುತ್ತೆ. ಅಪ್ಪಂದಿರು ಮಕ್ಕಳನ್ನ ಎತ್ತಿಕೊಂಡು ಓಡಿಹೋಗೋದನ್ನ ತಡೆಯೋಕೆ ಮಾಡಿದ್ದು ಅಂತಾರೆ. ಈಗ ನೋಡಿದ್ರೆ ಹೊಡೆತ ತಾಳಲಾರದೆ ಓಡಿ ಬಂದ ತಾಯಂದಿರೇ ಜಾಸ್ತಿ ಸಿಕ್ಕಿಹಾಕ್ಕೊಳ್ತಿದ್ದಾರೆ.”

“ತಪ್ಪಿಸ್ಕೊಳ್ಳೋಕೆ ದಾರಿನೇ ಇಲ್ವಾ ಮೇಡಂ?”

“ಒಂದೇ ಒಂದು ಕಿಂಡಿ ಇದೆ. ಅಲ್ಲಿಗೆ ಕಳಿಸಿದ್ರೆ ಮಗುವಿಗೆ ದೊಡ್ಡ ಅಪಾಯ ಇದೆ ಅಂತ ನಾವು ತೋರಿಸಬೇಕು. ಮಗುವಿಗೆ. ನಿಮಗಲ್ಲ. ನಿಮಗೆ ಹೊಡೆದ ಅಂದ್ರೆ ಅಯ್ಯೋ ಪಾಪ ಅಂತಾರೆ. ಆಮೇಲೆ, ಮಗುಗೆ ಏನಾಯ್ತು ಅಂತ ಕೇಳ್ತಾರೆ. ಮಗು ಏನೇನು ನೋಡಿದೆ?”

“ಅವಳು ಏನೂ ನೋಡಿಲ್ಲ,” ಎಂದಳು ರಫು ಅಕ್ಕ, ಸ್ವಲ್ಪ ಬೀಗಿಯೇ. “ಒಂದು ಚೂರೂ ಗೊತ್ತಾಗದ ಹಾಗೆ ನೋಡ್ಕೊಂಡಿದ್ದೀನಿ.”

ವಕೀಲೆ ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟಳು. ಆಸ್ಪತ್ರೆಯ ಚೀಟಿ ಇದೆಯಾ? ಜಾರಿ ಬಿದ್ದರೆಂದು ಬರೆದಿದೆ. ಫೋಟೋ? ಇಲ್ಲ. ಪೊಲೀಸರಿಗೆ ಹೇಳಿದ್ದಿರಾ? ಇಲ್ಲ. ಪಕ್ಕದ ಮನೆಯವರು? ಅವರಿಗೆ ಡಾಕ್ಟರು ದೇವರಂಥವರು. ಅಷ್ಟು ವರ್ಷ ಕೂತು ಅವಳು ತನ್ನ ಸಂಸಾರಕ್ಕೆ ಎಂಥ ರಫು ಹಾಕಿದ್ದಳೆಂದರೆ, ಎಲ್ಲಿಂದ ಹಿಡಿದು ನೋಡಿದರೂ ಹರುಕು ಕಾಣುತ್ತಿರಲಿಲ್ಲ.

ಆಗ ಅವಳಿಗೆ ಮಗಳ ಉಣ್ಣೆಯ ಕೋಟು ನೆನಪಾಯಿತು. ಮಗಳಿಗೆ ಐದು ವರ್ಷವಿದ್ದಾಗ ಒಮ್ಮೆ ಅವಳು ಮನೆ ಬಿಟ್ಟು ಹೊರಟಿದ್ದಳು. ಮೆಟ್ಟಿಲು ಇಳಿಯುವಾಗ ಗಂಡ ಹಿಂದಿನಿಂದ ಬಂದು ಮಗುವಿನ ಕೋಟಿನ ಕತ್ತುಪಟ್ಟಿಗೆ ಕೈಹಾಕಿ ಎಳೆದ. ಬಟ್ಟೆ ಭುಜದಿಂದ ಬೆನ್ನಿನವರೆಗೆ ಪರ್ರೆಂದು ಹರಿದು ಮಗು ಕೆಳಗಿನ ಮೆಟ್ಟಿಲುಗಳ ಮೇಲೆ ಉರುಳಿತು. ಹಣೆ ತರಚಿತ್ತು, ಸದ್ಯ ಅಷ್ಟೇ. ಕೋಟು ಬಾಗಿಲ ಕೊಂಡಿಗೆ ಸಿಕ್ಕಿ ನೀನು ಜಾರಿಬಿದ್ದೆ ಎಂದು ಮಗಳಿಗೆ ಹೇಳಿ, ಮರುದಿನ ಶಾಲೆಗೆ ಕಳಿಸುವ ಮೊದಲೇ ರಫು ಮಾಡಿ ಮುಗಿಸಿದ್ದಳು. ಓಡಿಬಂದ ದಿನ ಮಗಳು ಅದೇ ಕೋಟು ಹಾಕಿಕೊಂಡಿದ್ದಳು. ಈಗ ಅದು ಕೈಗೂ ಬರುವುದಿಲ್ಲ, ಬೆನ್ನಿಗೂ ಬರುವುದಿಲ್ಲ, ಟ್ರಂಕಿನ ತಳದಲ್ಲಿದೆ.

“ತಗೊಂಡು ಬನ್ನಿ ಮತ್ತೆ!” ಎಂದಳು ವಕೀಲೆ. ಅವಳ ಕಣ್ಣಲ್ಲಿ ಮೊದಲ ಸಲ ಮಿಂಚು ಕಂಡಿತ್ತು.

ಅಂಗಡಿಗೆ ರಜೆಯ ದಿನ ಮಧ್ಯಾಹ್ನ, ಮಗಳು ನಿದ್ದೆ ಹೋದ ಮೇಲೆ, ರಫು ಅಕ್ಕ ಕೋಟನ್ನು ಹೊರತೆಗೆದಳು. ಬೆಳಕಿಗೆ ಹಿಡಿದಳು. ಏನೂ ಕಾಣಲಿಲ್ಲ. ಮಾಡಿದವಳಿಗೇ ಕಾಣದ ಮೇಲೆ ನ್ಯಾಯಾಧೀಶರಿಗೆ ಹೇಗೆ ಕಂಡೀತು? ಹೀಗೇ ಒಯ್ದರೆ, ಹರಿದಿದ್ದು ಎಲ್ಲಿ ಎಂದೇ ಅವರೂ ಕೇಳುತ್ತಾರೆ. ತೋರಿಸಬೇಕಲ್ಲ. ಭೂತಗನ್ನಡಿ ಹಿಡಿದು ತನ್ನದೇ ಎಳೆಯ ತುದಿ ಹುಡುಕಿದಳು. ಸಣ್ಣ ಕತ್ತರಿಯಿಂದ ಎತ್ತಿ, ಸೂಜಿಯಿಂದ ಒಂದೊಂದೇ ನೂಲು ಬಿಡಿಸಿದಳು. ಹಾಕುವುದಕ್ಕಿಂತ ಬಿಚ್ಚುವುದೇ ಕಷ್ಟವಾಯಿತು, ಅಷ್ಟು ಗಟ್ಟಿ ಕೆಲಸ. ಮುಗಿಯುವ ಹೊತ್ತಿಗೆ ಭುಜದಿಂದ ಬೆನ್ನಿನವರೆಗೆ ಬಟ್ಟೆ ಬಾಯಿಬಿಟ್ಟಿತ್ತು. ಅದನ್ನು ನೋಡಿ, ಆ ಮೆಟ್ಟಿಲು ನೆನಪಾಗಿ, ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಆದರೂ ಒಂದು ಸಮಾಧಾನವಿತ್ತು. ಇನ್ನು ಇದನ್ನು ಕುರುಡರೂ ಕಾಣಬಹುದು. ಬಿಡಿಸಿದ ನೂಲನ್ನೆಲ್ಲ ಉಂಡೆ ಮಾಡಿ ಕಸಕ್ಕೆ ಹಾಕಿದಳು. ಕಸದವರು ಅಂದೇ ಬಂದು ಒಯ್ದರು.

ವಕೀಲೆ ಕೋಟನ್ನು ಮೇಜಿನ ಮೇಲೆ ಹರಡಿ ನೋಡಿದಳು. ಮತ್ತೆ ನೋಡಿದಳು.

“ರಫು ಮಾಡಿದ್ದೆ ಅಂದ್ರಲ್ಲ?”

“ಬಿಚ್ಚಿಬಿಟ್ಟೆ ಮೇಡಂ. ಇಲ್ದಿದ್ರೆ ಕಾಣಲ್ಲ.”

ವಕೀಲೆ ಹಣೆ ಹಿಡಿದುಕೊಂಡು ಕೂತಳು. ಬೈಯುತ್ತಾಳೆ ಎಂದುಕೊಂಡರೆ, ಮೆಲ್ಲನೆ ಹೇಳಿದಳು. “ಆ ರಫುನೇ ನಮ್ಮ ಸಾಕ್ಷಿ ಆಗಿತ್ತು ಅಮ್ಮಾ. ಹಳೇ ನೂಲು, ಆ ಬಟ್ಟೆ ಜೊತೆ ಎಷ್ಟೋ ಸಲ ಒಗೆದಿದ್ದು, ತಿಳಿದವರ ಹತ್ರ ಪರೀಕ್ಷೆ ಮಾಡಿಸ್ತಿದ್ವಿ. ಇದು ಯಾವತ್ತೋ ಹರಿದಿತ್ತು, ಯಾವತ್ತೋ ಸರಿ ಮಾಡಿದ್ದಾರೆ ಅಂತ ಗೊತ್ತಾಗ್ತಿತ್ತು. ಈಗ ಇದು ಏನು? ನೀವು ಮೊನ್ನೆ ಕತ್ತರಿ ಹಿಡ್ಕೊಂಡು ಕೂತು ಹರಿದ ಕೋಟು.”

ಗಾಬರಿಯಲ್ಲಿ ರಫು ಅಕ್ಕನ ಬಾಯಿಗೆ ಬಂದದ್ದು ಒಂದೇ ಮಾತು. “ಮತ್ತೆ ರಫು ಮಾಡಿಕೊಡ್ಲಾ?”

“ಅಯ್ಯೋ, ನಿಮ್ಮ ಕೈ ಮುಗೀತೀನಿ, ಮುಟ್ಟಬೇಡಿ!” ಎಂದಳು ವಕೀಲೆ. ಇಬ್ಬರಿಗೂ ನಗು ಬಂತು, ಬಂದಷ್ಟೇ ಬೇಗ ಹೋಯಿತು. ಹೊರಡುವಾಗ ವಕೀಲೆ ಇನ್ನೊಂದು ಮಾತು ಹೇಳಿದಳು. “ಕೇಸಿನ ಬಗ್ಗೆ, ಅಪ್ಪನ ಬಗ್ಗೆ ಮಗಳ ಹತ್ರ ಒಂದಕ್ಷರ ಮಾತಾಡಬೇಡಿ. ನ್ಯಾಯಾಧೀಶರು ಅವಳನ್ನ ನೋಡಬೇಕು ಅಂದಿದ್ದಾರೆ. ತಾಯಿ ಹೇಳಿಕೊಟ್ಟಿದ್ದಾಳೆ ಅಂತ ಒಂದು ಎಳೆ ಅನುಮಾನ ಬಂದ್ರೂ ಮುಗೀತು.”

ಆಮೇಲಿನ ದಿನಗಳು ಹೇಗೆ ಕಳೆದವೋ ಅವಳಿಗೇ ಗೊತ್ತು. ಒಂದೇ ಕೋಣೆ, ಒಂದೇ ಹಾಸಿಗೆ, ಒಂದೇ ತಟ್ಟೆಯಲ್ಲಿ ಬ್ರೆಡ್ಡು ಹಂಚಿಕೊಂಡು ತಿನ್ನುವ ಇಬ್ಬರು. ಇಬ್ಬರ ನಡುವೆ ಆ ದೊಡ್ಡ ವಿಷಯ ಮೂರನೆಯವರ ಹಾಗೆ ಕೂತಿರುತ್ತಿತ್ತು. ಗಣಿತದ ಲೆಕ್ಕ, ಶಾಲೆಯ ಪದ್ಯ, ನಾಳೆಯ ಯೂನಿಫಾರಂ, ಅಷ್ಟೇ ಮಾತು. ಮಗಳನ್ನು ತಬ್ಬಿಕೊಂಡು ‘ನಿನ್ನನ್ನು ಕಳಿಸಿಬಿಡ್ತಾರೇನೋ ಕಣೇ’ ಎಂದು ಒಂದು ಸಲ ಅಂದುಬಿಟ್ಟಿದ್ದರೆ ಎದೆ ಹಗುರಾಗುತ್ತಿತ್ತು. ಅದನ್ನೂ ಅನ್ನುವಂತಿರಲಿಲ್ಲ.

ಅಣ್ಣ ಫೋನು ಮಾಡಿದ. “ಅವರು ಡಾಕ್ಟ್ರು. ಕೋರ್ಟಲ್ಲಿ ನಿನ್ನ ಏನಂತಾರೆ ಗೊತ್ತಾ? ಮಗು ಕದ್ದವಳು ಅಂತಾರೆ. ಸುಮ್ನೆ ವಾಪಸ್ ಹೋಗಿ ಹೊಂದ್ಕೊಂಡು ಹೋಗು. ನಾವಿನ್ನು ಇದರಲ್ಲಿ ತಲೆ ಹಾಕಲ್ಲ.” ಅಷ್ಟು ಹೇಳಿ ಕೈ ತೊಳೆದುಕೊಂಡ. ಜೊತೆಯಲ್ಲಿ ಆಡಿ ಬೆಳೆದ ಅಣ್ಣ. ಅವಳಿಗೆ ಸಿಟ್ಟೂ ಬರಲಿಲ್ಲ, ಒಂಟಿಯಾದೆ ಅನ್ನುವುದಷ್ಟೇ ಗಟ್ಟಿಯಾಯಿತು. ಯಜಮಾನರು ಮಾತ್ರ ತಮ್ಮದೇ ರೀತಿಯಲ್ಲಿ ಧೈರ್ಯ ತುಂಬಿದರು. “ಹೆದರಬೇಡ ಅಕ್ಕಾ. ನಮ್ಮ ಅಂಗಡಿಗೆ ಬಂದ ಕೋಟು ಎಂಥೆಂಥ ಕಲೆ ಬಿಟ್ಟಿಲ್ಲ!” ಅದರಿಂದ ಏನು ಸಮಾಧಾನವಾಗಬೇಕೋ ತಿಳಿಯಲಿಲ್ಲ. ಆದರೂ ತಲೆಯಾಡಿಸಿದಳು.

ಕೋರ್ಟಿನ ದಿನ ವಿಪರೀತ ಸೆಕೆ. ದೊಡ್ಡ ಸಭಾಂಗಣವಲ್ಲ, ನ್ಯಾಯಾಧೀಶರದೇ ಕೋಣೆ. ಉದ್ದನೆಯ ಮೇಜು, ಗೋಡೆಗಾತು ನಿಂತ ಕಬ್ಬಿಣದ ಕಪಾಟುಗಳು, ಬೀದಿಯ ಕಡೆಗೆ ತೆರೆದ ಕಿಟಕಿಗಳು, ಗೋಡೆಯ ಮೇಲೊಂದು ಪರದೆ. ಪರದೆಯ ಮೇಲೆ ಗಂಡ, ತನ್ನ ಕ್ಲಿನಿಕ್ಕಿನಿಂದ. ಬಿಳಿ ಕೋಟು, ಅದೇ ನಗು. ನ್ಯಾಯಾಧೀಶರು ನರೆತ ಕೂದಲಿನ, ಕನ್ನಡಕ ಮೂಗಿನ ತುದಿಗೆ ಇಳಿದ ಹೆಂಗಸು. ಕೆಟ್ಟವರ ಹಾಗೆ ಕಾಣಲಿಲ್ಲ, ಅದೇ ಇನ್ನಷ್ಟು ಭಯ. ಒಳ್ಳೆಯವರೇ ಕಳಿಸಿಬಿಟ್ಟರೆ ಇನ್ನು ಯಾರ ಹತ್ತಿರ ಹೋಗುವುದು?

ಗಂಡ ಎಲ್ಲದಕ್ಕೂ ಒಪ್ಪಿದ. ಹೆಂಡತಿ ಮಗಳಿಗೆ ಬೇರೆ ಮನೆ ಮಾಡಿಕೊಡುತ್ತೇನೆ. ಕರೆಯದೆ ಆ ಕಡೆ ಸುಳಿಯುವುದಿಲ್ಲ. ಅವಳ ಮೇಲೆ ಪೊಲೀಸ್ ದೂರು ಕೊಡುವುದಿಲ್ಲ. ಎಲ್ಲ ಭರವಸೆಯನ್ನೂ ತಟ್ಟೆಯಲ್ಲಿಟ್ಟು ಕೊಟ್ಟ.

“ಗಡಿ ದಾಟಿದ ಮೇಲೆ ಈ ಮಾತಿಗೆ ಹೊಣೆ ಯಾರು ಮೇಡಂ?” ಎಂದು ಅವಳ ವಕೀಲೆ ಕೇಳಿದಳು. “ಇಲ್ಲಿ ಕೊಟ್ಟ ಮಾತನ್ನ ಅಲ್ಲಿ ಮುರಿದ್ರೆ ನಾವು ಇಲ್ಲಿ ಕೂತು ಏನು ಮಾಡೋಕಾಗುತ್ತೆ?”

ಬೇರೆ ಸಾಕ್ಷಿಯಿಲ್ಲದೆ ವಕೀಲೆ ಕೊನೆಗೆ ಆ ಕೋಟನ್ನೇ, ರಫು ಬಿಚ್ಚಿದ ವಿಷಯ ಮುಚ್ಚಿಡದೆ, ಕೋರ್ಟಿಗೆ ಕೊಟ್ಟಿದ್ದಳು. ಗಂಡನ ಕಡೆಯ ವಕೀಲರು ಕೋಟಿನ ಚೀಲವನ್ನು ಮುಂದಕ್ಕೆ ತಳ್ಳಿದರು. “ರಫು ಮಾಡೋದ್ರಲ್ಲಿ ಇವರದು ಎತ್ತಿದ ಕೈಯಂತೆ. ಹರಿಯೋದ್ರಲ್ಲೂ ಕಮ್ಮಿ ಇಲ್ಲ.” ಯಾರೋ ಕಿಸಕ್ಕೆಂದರು. ನ್ಯಾಯಾಧೀಶರು ಕಾಗದ ತಿರುವಿ, “ತಾಯಿಗೆ ಏನಾಗಿದೆಯೋ ನಾನು ಇಲ್ಲ ಅನ್ನಲ್ಲ,” ಎಂದರು. “ಆದರೆ ನನ್ನ ಮುಂದಿರೋದು ಮಗುವಿನ ಪ್ರಶ್ನೆ. ಮಗುಗೆ ಏನೂ ಗೊತ್ತಿಲ್ಲ ಅಂತ ತಾಯಿಯೇ ಹೇಳಿದ್ದಾರೆ.” ಆ ದನಿಯಲ್ಲೇ ತೀರ್ಪು ಎತ್ತ ವಾಲಿದೆ ಎಂದು ತಿಳಿಯುತ್ತಿತ್ತು.

ಆಮೇಲೆ ಮಗಳನ್ನು ಒಳಗೆ ಕರೆಸಿದರು. ಅಪ್ಪನನ್ನು ನೋಡಿ ಬಹಳ ದಿನವಾಯಿತು, ಎರಡು ಮಾತಾಡಲಿ, ತಾವೂ ನೋಡಿದ ಹಾಗಾಗುತ್ತದೆ ಅನ್ನುವುದು ನ್ಯಾಯಾಧೀಶರ ಯೋಚನೆ. ತಾಯಿ ಹಿಂದಿನ ಕುರ್ಚಿಯಲ್ಲಿ ಕೂರಬೇಕು, ಬಾಯಿ ಬಿಡಬಾರದು, ಸನ್ನೆ ಮಾಡಬಾರದು. ಮಗಳು ಬಂದು ಮೇಜಿನ ಮುಂದೆ ಕೂತು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಳು.

“ಹೇಗಿದ್ದೀಯಾ ಮಗಳೇ?” ಎಂದ ಪರದೆಯ ಮೇಲಿನ ಅಪ್ಪ.

“ಚೆನ್ನಾಗಿದ್ದೀನಿ ಅಪ್ಪ.”

“ಊಟ ಮಾಡ್ತೀಯಾ ಸರಿಯಾಗಿ?”

“ಮಾಡ್ತೀನಿ ಅಪ್ಪ.”

ರಫು ಅಕ್ಕ ಉಗುರುಗಳನ್ನು ಅಂಗೈಗೆ ಒತ್ತಿಕೊಂಡು ಕೂತಿದ್ದಳು. ಮಗಳ ಒಂದೊಂದು ಜಾಣ ಉತ್ತರವೂ ಅವಳನ್ನು ಒಂದೊಂದು ಹೆಜ್ಜೆ ಗಡಿಯ ಕಡೆಗೆ ಒಯ್ಯುತ್ತಿತ್ತು. ಅಷ್ಟರಲ್ಲಿ ಪರದೆಯ ಆಚೆ ಏನೋ ಬಿದ್ದು ಝಣಝಣ ಸದ್ದಾಯಿತು. ಕ್ಲಿನಿಕ್ಕಿನ ಸಹಾಯಕಿ ಉಪಕರಣಗಳ ತಟ್ಟೆಯನ್ನೇ ಬೀಳಿಸಿದ್ದಳು. ಗಂಡ ಹಿಂತಿರುಗಿ ನೋಡಲಿಲ್ಲ. ಮುಖದ ನಗುವೂ ಮಾಸಲಿಲ್ಲ. ಸಹಾಯಕಿಗೆ ಹೇಳಿದಾಗ ದನಿ ಮಾತ್ರ ಇಳಿಯಿತು, ಮಗು ಮಲಗಿಸುವವರ ದನಿಯ ಹಾಗೆ.

“ಪರವಾಗಿಲ್ಲ. ಆಮೇಲೆ ಮಾತಾಡೋಣ.”

“ಇಷ್ಟು ತಾಳ್ಮೆ ನಮ್ಮ ಕಚೇರಿಯವರಿಗೂ ಇದ್ದಿದ್ರೆ!” ಎಂದು ನ್ಯಾಯಾಧೀಶರು ನಕ್ಕರು. ಅವನ ವಕೀಲರೂ ನಕ್ಕರು.

ಮಗಳು ಕುರ್ಚಿಯಿಂದ ಇಳಿದಳು. ಯಾರನ್ನೂ ಕೇಳಲಿಲ್ಲ, ಯಾರ ಕಡೆಯೂ ನೋಡಲಿಲ್ಲ. ಬೀದಿಯ ಕಡೆಯ ಮೊದಲ ಕಿಟಕಿಯ ಹತ್ತಿರ ಹೋಗಿ ಬಾಗಿಲು ಎಳೆದು ಚಿಲಕ ಹಾಕಿದಳು. ಆಮೇಲೆ ಪಕ್ಕದ್ದು. ಕೊನೆಯ ಕಿಟಕಿಯ ಚಿಲಕ ಕೈಗೆ ಎಟುಕಲಿಲ್ಲ. ಸುತ್ತ ನೋಡಿ, ಕಪಾಟಿನ ಬಳಿಯಿದ್ದ ಸ್ಟೂಲನ್ನು ಸದ್ದಾಗದ ಹಾಗೆ ಎತ್ತಿ ತಂದಳು. ಹತ್ತಿ ಚಿಲಕ ಹಾಕಿ ಇಳಿದು, ಸ್ಟೂಲನ್ನು ಮತ್ತೆ ಅದರ ಜಾಗದಲ್ಲೇ ಇಟ್ಟು, ಬಂದು ಮೊದಲಿನಂತೆ ಕೂತಳು. ಕೋಣೆಯಲ್ಲಿ ಎಲ್ಲರೂ ಅವಳನ್ನೇ ನೋಡುತ್ತಿದ್ದರು.

“ಇಷ್ಟು ಸೆಕೆ ಇದೆಯಲ್ಲ ಪುಟ್ಟಿ, ಯಾಕೆ ಮುಚ್ಚಿದೆ?” ಎಂದರು ನ್ಯಾಯಾಧೀಶರು.

“ಹೊರಗೆ ಕೇಳಬಾರದು ಅಂತ.”

“ಏನು ಕೇಳಬಾರದು?”

ಮಗಳು ತಿರುಗಿ ತಾಯಿಯ ಮುಖ ನೋಡಿದಳು, ಹೇಳಬಹುದಾ ಅನ್ನುವ ಹಾಗೆ. ತಾಯಿ ಕಣ್ಣು ಮಿಟುಕಿಸಿದರೂ ತಪ್ಪು. ಅವಳು ತಲೆ ತಗ್ಗಿಸಿದಳು. ಮಗಳಿಗೆ ಏನು ತೋಚಿತೋ, ಮೆಲ್ಲನೆ ಹೇಳಿದಳು. “ಅಪ್ಪ ಹೀಗೆ ಮೆತ್ತಗೆ ಮಾತಾಡಿದ ಮೇಲೆ ಆಗುತ್ತಲ್ಲ, ಅದು.”

ಗಂಡನ ವಕೀಲರು ಎದ್ದೇ ನಿಂತರು. “ಇದು ಹೇಳಿಕೊಟ್ಟ ಪಾಠ ಮೇಡಂ!”

“ನೀವು ಕೂತ್ಕೊಳ್ಳಿ.” ನ್ಯಾಯಾಧೀಶರು ಕನ್ನಡಕ ತೆಗೆದರು. “ಕಿಟಕಿ ಹಾಕೋದನ್ನ ಯಾರು ಹೇಳಿಕೊಟ್ಟಿದ್ದು ಪುಟ್ಟಿ?”

“ಅಮ್ಮ.”

ವಕೀಲರು ಗೆದ್ದವರ ಹಾಗೆ ಕೈ ಚೆಲ್ಲಿದರು.

“ಯಾವಾಗ ಹೇಳಿಕೊಟ್ರು?”

“ಆ ಮನೇಲಿ. ನಾನು ಚಿಕ್ಕೋಳಿದ್ದಾಗ. ಚಳಿ ಆಗುತ್ತೆ, ಕಿಟಕಿ ಹಾಕು ಅಂತಿದ್ರು. ಅಡುಗೆಮನೆ ಕಿಟಕಿ ಅಮ್ಮ, ಮಲಗೋ ಕೋಣೆದು ನಾನು. ಆದ್ರೆ ಸೆಕೆ ಇದ್ದಾಗ್ಲೂ ಹಾಕು ಅಂತಿದ್ರು. ಆಗ ನಂಗೆ ಗೊತ್ತಾಯ್ತು, ಚಳಿಗಲ್ಲ ಅಂತ.” ಮಗಳು ತಡೆದು, ತಪ್ಪು ತಿದ್ದಿಕೊಳ್ಳುವವಳ ಹಾಗೆ ಸೇರಿಸಿದಳು. “ಮೊದ್ಲು ನಂಗೆ ತುಂಬ ಹೊತ್ತು ಆಗ್ತಿತ್ತು. ಈಗ ಬೇಗ ಹಾಕ್ತೀನಿ.”

“ಹಾಕಿದ ಮೇಲೆ ಏನು ಮಾಡ್ತಿದ್ದೆ?”

“ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಕೊಂಡು ನಿಂತ್ಕೋತಿದ್ದೆ. ಜೋರಾಗಿ ಬಿಟ್ರೆ ನಂಗೂ ಕೇಳ್ತಿರಲಿಲ್ಲ.”

“ಮಗಳೇ...” ಎಂದ ಪರದೆಯ ಮೇಲಿನವನು, ಇನ್ನೂ ಮೆತ್ತಗೆ. ಮಗಳ ಭುಜಗಳು ಕಿವಿಯವರೆಗೆ ಏರಿದವು. “ನೀವು ಸ್ವಲ್ಪ ಸುಮ್ಮನಿರಿ,” ಎಂದರು ನ್ಯಾಯಾಧೀಶರು. ಮುಚ್ಚಿದ ಕೋಣೆಯಲ್ಲಿ ಎಲ್ಲರೂ ಬೆವರುತ್ತಿದ್ದರು, ಎದ್ದು ಕಿಟಕಿ ತೆರೆಯುವುದಕ್ಕೆ ಯಾರಿಗೂ ಧೈರ್ಯ ಬರಲಿಲ್ಲ.

ಆ ಸಂಜೆಯೇ ತೀರ್ಪು ಹೇಳಿದರು. ಏಟು ಮೈಗೆ ಬೀಳದಿದ್ದರೂ ಈ ಮಗುವಿಗೆ ಏಟು ಬಿದ್ದಿದೆ, ಗಡಿಯಾಚೆಯ ಭರವಸೆಗಳನ್ನು ನಂಬಿ ಕಳಿಸಲಾಗದು, ಮಗು ಇಲ್ಲೇ ಇರಲಿ ಎಂದರು. ವಕೀಲೆ ರಫು ಅಕ್ಕನ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದು ಅಲ್ಲಾಡಿಸಿದಳು. ಮುಂದಿನ ಕೇಸಿಗೆ ತಡವಾಗಿತ್ತು, ಓಡಿಹೋದಳು. ಗೆದ್ದವಳು ಮಗಳ ಕೈ ಹಿಡಿದುಕೊಂಡು ಕೋರ್ಟಿನ ಎದುರಿನ ಬಸ್ ನಿಲ್ದಾಣಕ್ಕೆ ಬಂದಳು. ಕುಣಿದಾಡಬೇಕಿತ್ತು. ಆಗಲಿಲ್ಲ. ಏನೂ ತಟ್ಟದ ಹಾಗೆ ಬೆಳೆಸಿದೆ ಎಂದು ಬೀಗಿದ್ದಳಲ್ಲ, ಆ ಮಗು ಸ್ಟೂಲು ಎತ್ತಿಕೊಂಡು ನಡೆದದ್ದು ಕಣ್ಣ ಮುಂದಿನಿಂದ ಹೋಗುತ್ತಲೇ ಇರಲಿಲ್ಲ.

ಮಗಳು ಅವಳಿಗಿಂತ ಸಪ್ಪಗಿದ್ದಳು. ಬೆಂಚಿನ ತುದಿಯಲ್ಲಿ ಕೂತು ಕೇಳಿದಳು. “ಅಮ್ಮಾ, ನಾನು ಹೇಳಿಬಿಟ್ಟೆ ಅಂತ ಕೋಪಾನಾ? ಅವರಿಗೆಲ್ಲ ಗೊತ್ತಾಗೋಯ್ತು.”

ಪರವಾಗಿಲ್ಲ ಅನ್ನಲು ಬಾಯಿ ತೆರೆದವಳು ಆ ಪದವನ್ನು ಅಲ್ಲೇ ನುಂಗಿದಳು. ಸುತ್ತ ಜನ ಓಡಾಡುತ್ತಿದ್ದರು. ಪಕ್ಕದಲ್ಲೇ ಒಬ್ಬರು ಪತ್ರಿಕೆ ಓದುತ್ತಾ ಕೂತಿದ್ದರು. ಅವಳು ದನಿ ತಗ್ಗಿಸಲಿಲ್ಲ.

“ಗೊತ್ತಾಗ್ಲಿ ಬಿಡು. ಕೇಳಿಲ್ಲಿ, ನಾನು ಯಾವತ್ತೂ ಜಾರಿ ಬಿದ್ದಿದ್ದಲ್ಲ. ನಿನ್ನ ಅಪ್ಪ ನನಗೆ ಹೊಡೀತಿದ್ರು.”

ಪತ್ರಿಕೆಯವರು ತಲೆ ಎತ್ತಿ ನೋಡಿದರು.

“ನಂಗೊತ್ತು,” ಎಂದಳು ಮಗಳು.

“ಗೊತ್ತಿತ್ತಾ? ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ ಕಣೇ?”

“ನಂಗೊತ್ತು ಅಂತ ನಿಂಗೆ ಗೊತ್ತಾದ್ರೆ ನಿಂಗೆ ಬೇಜಾರಾಗುತ್ತೆ ಅಂತ.”

ಅವರ ಬಸ್ಸು ಬಂತು, ನಿಂತಿತು, ಕಂಡಕ್ಟರು ಎರಡು ಸಲ ಕೂಗಿ ಕರೆದ. ಇಬ್ಬರೂ ಬೆಂಚಿನಿಂದ ಏಳಲಿಲ್ಲ.